ಆರೋಪ ಗೊಬ್ಬರದ್ದು, ಶಿಕ್ಷೆ ರಸೀದಿಯದು

ತೀರ್ಪಿನ 17ನೇ ಪುಟದವರೆಗೆ ನಾನು ಗೆದ್ದಿದ್ದೇನೆ. 400 ಚೀಲ ಡಿಎಪಿ ಗೊಬ್ಬರ ಮಾರಿದ ಹಣವನ್ನು ನಾನು ನುಂಗಿದೆ ಎಂಬ ಆರೋಪ ರುಜುವಾತಾಗಿಲ್ಲ ಎಂದು ಮ್ಯಾಜಿಸ್ಟ್ರೇಟರು ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. 18ನೇ ಪುಟ ‘ಆದಾಗ್ಯೂ’ ಎಂಬ ಪದದಿಂದ ಶುರುವಾಗುತ್ತದೆ. 21ನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಎರಡು ವರ್ಷ ಸಾದಾ ಸಜೆ, 10,000 ರೂಪಾಯಿ ದಂಡ.

2018ರ ಅಕ್ಟೋಬರ್ ತಿಂಗಳ ಆ ಮಧ್ಯಾಹ್ನ ಇದಾವುದೂ ನನಗೆ ಗೊತ್ತಿರಲಿಲ್ಲ. ಕೋರ್ಟಿನಲ್ಲಿ ಓದಿ ಹೇಳಿದ್ದು ಕೊನೆಯ ಆದೇಶವನ್ನು ಮಾತ್ರ. ಕಟಕಟೆಯಲ್ಲಿ ನಿಂತಿದ್ದ ನನಗೆ ‘ಕಲಂ 408’ ಎಂಬುದು ಕೇಳಿಸಿತು, ಆಮೇಲೆ ಬರೀ ಫ್ಯಾನಿನ ಸದ್ದು. ಶಿಕ್ಷೆ ಮೂರು ವರ್ಷ ಮೀರದಿದ್ದು, ಆರೋಪಿ ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕಿಕೊಳ್ಳಲು ಅವಕಾಶವಾಗುವಂತೆ ಶಿಕ್ಷೆ ಕೊಟ್ಟ ಕೋರ್ಟೇ ಅವನನ್ನು ಜಾಮೀನಿನ ಮೇಲೆ ಬಿಡುತ್ತದೆ. ದಂಡ ಪ್ರಕ್ರಿಯಾ ಸಂಹಿತೆಯ 389(3)ನೇ ಕಲಂ ಅದು. ನನ್ನ ವಕೀಲರು ಅರ್ಜಿಯನ್ನು ಬರೆದು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಅದನ್ನು ಕಂಡು ನೆಮ್ಮದಿಗಿಂತ ಬೇಸರವೇ ಹೆಚ್ಚಾಯಿತು: ಹಾಗಾದರೆ ಇವರಿಗೆ ಮೊದಲೇ ಅನುಮಾನವಿತ್ತು! ಪಕ್ಕದ ಊರಿನ ಗೆಳೆಯರೊಬ್ಬರು ತಮ್ಮ ಎರಡೆಕರೆಯ ಪಹಣಿ ಹಿಡಿದು ಓಡಿ ಬಂದು ಜಾಮೀನು ನಿಂತರು. ರಾತ್ರಿ ಮನೆಯಲ್ಲೇ ಮಲಗಿದೆ. ನಿದ್ದೆ ಮಾಡಿದೆ ಎನ್ನಲಾರೆ.

ನಾನು ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವನು. ಯಾವ ಊರು, ಯಾವ ಸಂಘ ಎಂದು ಹೇಳುವುದಿಲ್ಲ, ಮೊಕದ್ದಮೆ ಇನ್ನೂ ಉಸಿರಾಡುತ್ತಿದೆ. 2011ರಲ್ಲಿ ನಡೆದ ಲೆಕ್ಕ ಪರಿಶೋಧನೆಯಲ್ಲಿ ಎರಡು ಕೊರತೆಗಳು ಕಂಡವು. ಒಂದು, 2009-10ರ ಸಾಲಿನಲ್ಲಿ ಗೋದಾಮಿನಿಂದ ಹೋದ 400 ಚೀಲ ಗೊಬ್ಬರದ ಹಣ 1,87,000 ರೂಪಾಯಿ ರೋಕಡಿ ಪುಸ್ತಕಕ್ಕೆ ಬಂದಿಲ್ಲ. ಎರಡು, 2010ರ ಜೂನ್‌ನಿಂದ ನವೆಂಬರ್‌ವರೆಗೆ ರೈತರು ಕಟ್ಟಿದ ಸಾಲದ ಕಂತುಗಳಲ್ಲಿ ಕೆಲವಕ್ಕೆ ರಸೀದಿ ಕೊಟ್ಟಿದ್ದರೂ ಹಣ ಜಮಾ ಆಗಿಲ್ಲ. ವರದಿಯಲ್ಲಿ ಮೊದಲನೆಯದಕ್ಕೆ ಆರು ಪುಟ, ಎರಡನೆಯದಕ್ಕೆ ಕೊನೆಯಲ್ಲಿ ಒಂದು ತಖ್ತೆ. ಪೊಲೀಸರು ಆ ವರದಿಯನ್ನು ಆರೋಪಪಟ್ಟಿಗೆ ಲಗತ್ತಿಸಿ ಕೈ ತೊಳೆದುಕೊಂಡರು.

ಇಲ್ಲೊಂದು ಮಾತು. ಆರೋಪಪಟ್ಟಿ ಬೇರೆ, ದೋಷಾರೋಪ ಬೇರೆ ಎಂಬುದು ನನಗೆ ಏಳು ವರ್ಷ ಕೋರ್ಟಿಗೆ ಅಲೆದ ಮೇಲೂ ಸರಿಯಾಗಿ ತಿಳಿದಿರಲಿಲ್ಲ. ಆರೋಪಪಟ್ಟಿ ಪೊಲೀಸರದು. ಅದನ್ನು ಓದಿ, ‘ನಿನ್ನ ಮೇಲಿರುವುದು ಇದು’ ಎಂದು ನ್ಯಾಯಾಧೀಶರು ಬರೆದು, ಆರೋಪಿಗೆ ಓದಿ ಹೇಳಿ, ಒಪ್ಪುತ್ತೀಯಾ ಎಂದು ಕೇಳುವುದು ದೋಷಾರೋಪ; ವಕೀಲರ ಬಾಯಲ್ಲಿ ‘ಚಾರ್ಜ್’. ವಿಚಾರಣೆ ನಡೆಯುವುದು ಚಾರ್ಜಿನ ಮೇಲೆ. ನನ್ನ ಚಾರ್ಜು ಒಂದೇ ಹಾಳೆ. ಅದರಲ್ಲಿ ಹನ್ನೊಂದು ಸಾಲು. 1-4-2009ರಿಂದ 31-3-2010ರ ನಡುವೆ, ಸಂಘದ ನೌಕರನಾಗಿದ್ದ ನಾನು, ನನ್ನ ವಶಕ್ಕೆ ಒಪ್ಪಿಸಿದ್ದ 400 ಚೀಲ ಗೊಬ್ಬರ ಮಾರಿ ಬಂದ ಹಣವನ್ನು ಸ್ವಂತಕ್ಕೆ ಬಳಸಿಕೊಂಡು, ಭಾರತೀಯ ದಂಡ ಸಂಹಿತೆಯ 408ನೇ ಕಲಮಿನಡಿ ನಂಬಿಕೆ ದ್ರೋಹ ಎಸಗಿದ್ದೇನೆ. ರಸೀದಿಯ ಸುದ್ದಿ ಅದರಲ್ಲಿ ಎಲ್ಲಿಯೂ ಇಲ್ಲ.

ಏಕಿಲ್ಲ ಎಂಬುದಕ್ಕೂ ಕಾರಣವಿದೆ. ನಂಬಿಕೆ ದ್ರೋಹದ ಪ್ರಕರಣಗಳಲ್ಲಿ ಒಂದೊಂದು ರೂಪಾಯಿಯ ಲೆಕ್ಕ ಬರೆಯದೆ ಒಟ್ಟು ಮೊತ್ತವನ್ನೂ ಅವಧಿಯನ್ನೂ ಹೇಳಿದರೆ ಸಾಕು, ಆದರೆ ಮೊದಲ ದಿನಾಂಕಕ್ಕೂ ಕೊನೆಯ ದಿನಾಂಕಕ್ಕೂ ಒಂದು ವರ್ಷಕ್ಕಿಂತ ಹೆಚ್ಚು ಅಂತರ ಇರಕೂಡದು ಎನ್ನುತ್ತದೆ ದಂಡ ಪ್ರಕ್ರಿಯಾ ಸಂಹಿತೆಯ 212(2)ನೇ ಕಲಂ. ಗೊಬ್ಬರಕ್ಕೇ ಒಂದು ವರ್ಷ ಮುಗಿದುಹೋಯಿತು. ರಸೀದಿಗಳಿಗೆ ಬೇರೆ ಚಾರ್ಜು ಬೇಕಿತ್ತು. ಅದನ್ನು ಯಾರೂ ಬರೆಯಲಿಲ್ಲ, ಯಾರೂ ಕೇಳಲಿಲ್ಲ. ನಾವಂತೂ ಏಕೆ ಕೇಳುತ್ತೇವೆ?

ವಿಚಾರಣೆಯಲ್ಲಿ ಗೊಬ್ಬರದ ಕಥೆ ಬೇಗ ಕುಸಿಯಿತು. ಲೆಕ್ಕ ಪರಿಶೋಧಕರಿಗೆ ನಮ್ಮ ವಕೀಲರು ದಾಸ್ತಾನು ವಹಿಯ 38ನೇ ಪುಟ ತೋರಿಸಿದರು. ಆ ಚೀಲಗಳನ್ನು ನೆರೆಯ ಸಂಘಕ್ಕೆ ಎರವಲು ಕಳಿಸಿ, ಮುಂದಿನ ಹಂಗಾಮಿನಲ್ಲಿ ವಾಪಸು ಪಡೆದ ನಮೂದು ಅಲ್ಲಿತ್ತು. ಎರಡೂ ಕಡೆಯವರ ಸಹಿಯೂ ಇತ್ತು. ಪರಿಶೋಧಕರು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿ, ‘ಈ ಪುಟವನ್ನು ನಾನು ಗಮನಿಸಿರಲಿಲ್ಲ ಎಂದರೆ ಸರಿ’ ಎಂದರು. ಆ ದಿನ ಕೋರ್ಟಿನ ಎದುರಿನ ಹೋಟೆಲಿನಲ್ಲಿ ನಾನು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದೆ.

ಎರಡು ತಿಂಗಳ ನಂತರ ಸರ್ಕಾರಿ ಅಭಿಯೋಜಕರು ಐವರು ರೈತರನ್ನು ಕರೆಸಿದರು. ನಾನು ಹೆಸರು ಹಿಡಿದು ಬಲ್ಲ ಜನ. ಒಬ್ಬೊಬ್ಬರಾಗಿ ಸಾಕ್ಷಿ ಕಟ್ಟೆ ಹತ್ತಿ, ಸಂಘಕ್ಕೆ ಹೋಗಿ ಕಂತು ಕಟ್ಟಿದೆವು, ರಸೀದಿ ಕೊಟ್ಟರು, ಆಮೇಲೆ ಸಾಲ ಬಾಕಿ ಇದೆ ಎಂದು ನೋಟಿಸು ಬಂತು ಎಂದರು. ರಸೀದಿಗಳಿಗೆ ಸಾಕ್ಷ್ಯದ ದಾಖಲೆಗಳೆಂದು ನಿಶಾನೆ ಬಿತ್ತು. ಕೈಗೆ ಕೊಟ್ಟವರು ಯಾರು ಎಂದು ಅಭಿಯೋಜಕರು ಕೇಳಲಿಲ್ಲ, ಸಾಕ್ಷಿಗಳು ಹೇಳಲಿಲ್ಲ. ನ್ಯಾಯಾಧೀಶರು ನಮ್ಮ ವಕೀಲರತ್ತ ನೋಡಿದರು. ವಕೀಲರು ಅರ್ಧ ಎದ್ದು, ‘ಇದು ನಮ್ಮ ಚಾರ್ಜಿಗೆ ಸಂಬಂಧಪಟ್ಟಿದ್ದಲ್ಲ’ ಎಂದು ಮೆಲ್ಲಗೆ ಹೇಳಿ ಕುಳಿತರು. ಬೆರಳಚ್ಚುಗಾರರು ‘ಪಾಟೀಸವಾಲು: ಇಲ್ಲ’ ಎಂದು ಹೊಡೆದರು. ಐದು ಸಾಕ್ಷಿಗಳಿಗೂ ಅದೇ. ವಕೀಲರು ಬಾಯಲ್ಲಿ ಹೇಳಿದ ಆ ಒಂದು ಮಾತು ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ದಾಖಲೆಯಲ್ಲಿರುವುದು ಐದು ‘ಇಲ್ಲ’ಗಳು.

ಆಮೇಲೆ 313ನೇ ಕಲಮಿನ ಹೇಳಿಕೆ. ಸಾಕ್ಷ್ಯದಲ್ಲಿ ಆರೋಪಿಯ ವಿರುದ್ಧ ಬಂದ ಪ್ರತಿಯೊಂದು ಅಂಶವನ್ನೂ ಅವನ ಮುಂದಿಟ್ಟು ವಿವರಣೆ ಕೇಳಬೇಕಾದ ಹಂತ ಅದು. ನನಗೆ 14 ಪ್ರಶ್ನೆ ಕೇಳಿದರು. ಹದಿಮೂರು ಗೊಬ್ಬರದ ಮೇಲೆ. ಕೊನೆಯದು: ಏನಾದರೂ ಹೇಳುವುದಿದೆಯೇ? ‘ನಾನು ತಪ್ಪು ಮಾಡಿಲ್ಲ’ ಎಂದೆ.

ಕೊನೆಗೆ ಬಂದದ್ದು ಆ ‘ಆದಾಗ್ಯೂ’. ಗೊಬ್ಬರದ ವಿಷಯ ರುಜುವಾತಾಗದಿದ್ದರೂ, ರೈತರ ಸಾಕ್ಷ್ಯವನ್ನು ಆರೋಪಿ ಪ್ರಶ್ನಿಸಿಲ್ಲವಾದ್ದರಿಂದ, ಸಂಘದ ಹಣ ಆರೋಪಿಯ ಅವಧಿಯಲ್ಲಿ ದುರುಪಯೋಗವಾದದ್ದು ಸಿದ್ಧ. ಕಲಂ ಹೇಗೂ ಅದೇ 408. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನನ್ನ ಹೆಂಡತಿ ಹೇಳಿದ್ದು, ತೀರ್ಪಿನ ನಕಲನ್ನು ಅವಳಿಗೆ ಓದಿ ಹೇಳಿದ ರಾತ್ರಿ.

ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ. ಜಿಲ್ಲಾ ಕೇಂದ್ರದಲ್ಲಿ ಅಪೀಲುಗಳನ್ನೇ ಹೆಚ್ಚು ನಡೆಸುವ ಹಿರಿಯ ವಕೀಲೆಯೊಬ್ಬರನ್ನು ಹಿಡಿದೆ. ಅವರು ತೀರ್ಪಿಗಿಂತ ಮೊದಲು ಚಾರ್ಜಿನ ಹಾಳೆ ಕೇಳಿದರು. ಅದನ್ನೂ ತೀರ್ಪಿನ 18ನೇ ಪುಟವನ್ನೂ ಪಕ್ಕಪಕ್ಕ ಇಟ್ಟು, ಪೆನ್ಸಿಲಿನಿಂದ ನಾಲ್ಕು ಕಡೆ ಗೀಟು ಎಳೆದರು. ಅವಧಿ ಬೇರೆ. ವಸ್ತು ಬೇರೆ. ಮೊತ್ತ ಬೇರೆ. ಹಣ ಕೈಗೆ ಬಂದ ದಾರಿ ಬೇರೆ. ನಾನು ಕುರ್ಚಿಯ ತುದಿಗೆ ಬಂದು ಕುಳಿತೆ.

‘ಹಾಗಾದರೆ ಗೆದ್ದ ಹಾಗೆಯೇ ಅಲ್ಲವೇ ಮೇಡಂ?’

‘ಇಷ್ಟಕ್ಕೇ ಗೆಲ್ಲುವುದಾದರೆ ಸೆರೆಮನೆಗಳು ಅರ್ಧ ಖಾಲಿಯಾಗುತ್ತಿದ್ದವು, ಕಾರ್ಯದರ್ಶಿಗಳೇ’ ಎಂದರು ಅವರು.

ಆಮೇಲೆ ಅವರು ವಿವರಿಸಿದ್ದು ನನ್ನ ಮಟ್ಟಿಗೆ ಇಡೀ ಮೊಕದ್ದಮೆಯ ತಿರುಳು. ಚಾರ್ಜಿನಲ್ಲಿ ತಪ್ಪಿದೆ, ಲೋಪವಿದೆ, ಸಾಕ್ಷ್ಯ ಅದನ್ನು ಬಿಟ್ಟು ಬೇರೆ ಕಡೆ ಹೋಗಿದೆ ಎಂಬಷ್ಟಕ್ಕೇ ಶಿಕ್ಷೆ ಬಿದ್ದುಹೋಗುವುದಿಲ್ಲ. ಆರೋಪಿ ನಿಜವಾಗಿ ದಾರಿ ತಪ್ಪಿದನೇ, ಅದರಿಂದ ನ್ಯಾಯಕ್ಕೆ ಚ್ಯುತಿಯಾಯಿತೇ ಎಂಬುದನ್ನು ನೋಡಬೇಕು ಎನ್ನುತ್ತವೆ 215 ಮತ್ತು 464ನೇ ಕಲಮುಗಳು. (ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇವೇ 238 ಮತ್ತು 510. ನಂಬರು ಬದಲಾಗಿದೆ, ತಲೆನೋವು ಅದೇ.) ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 1955ರಷ್ಟು ಹಿಂದೆಯೇ ವಿಲ್ಲಿ ಸ್ಲೇನಿ ಪ್ರಕರಣದಲ್ಲಿ ಇದನ್ನು ಗಟ್ಟಿ ಮಾಡಿದ್ದಾರೆ. ಹಾಕಿ ಸ್ಟಿಕ್ಕಿನಿಂದ ತಲೆಗೆ ಹೊಡೆದು ಒಬ್ಬನ ಸಾವಿಗೆ ಕಾರಣನಾದ ಪ್ರಕರಣ ಅದು. ಅಣ್ಣತಮ್ಮಂದಿರಿಬ್ಬರ ಮೇಲೆ ಸಮಾನ ಉದ್ದೇಶದ, ಅಂದರೆ ಇಬ್ಬರೂ ಸೇರಿಯೇ ಮಾಡಿದರೆಂಬ, ಚಾರ್ಜು ಹಾಕಿ, ಒಬ್ಬನನ್ನು ಬಿಟ್ಟು, ಇನ್ನೊಬ್ಬನಿಗೆ ಅವನೊಬ್ಬನದೇ ಕೃತ್ಯವೆಂದು ಶಿಕ್ಷೆ ಕೊಟ್ಟಿದ್ದರು. ಪ್ರತ್ಯೇಕ ಚಾರ್ಜು ಇರಲಿಲ್ಲ ಎಂಬ ವಾದ ನಿಲ್ಲಲಿಲ್ಲ. ತಾನು ಯಾವುದಕ್ಕೆ ಉತ್ತರ ಕೊಡಬೇಕು ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು ಎಂದಿತು ಕೋರ್ಟು.

‘ಅಭಿಯೋಜಕರು ಮೊದಲು ಎತ್ತುವುದೇ ಇದನ್ನು’ ಎಂದರು ಮೇಡಂ. ‘ಪರಿಶೋಧನಾ ವರದಿಯ ನಕಲು ನಿಮ್ಮ ಕೈಯಲ್ಲೇ ಇತ್ತು, ಅದರಲ್ಲಿ ರಸೀದಿಗಳ ತಖ್ತೆ ಇತ್ತು, ಆದ್ದರಿಂದ ನಿಮಗೆ ಗೊತ್ತಿತ್ತು ಎನ್ನುತ್ತಾರೆ. ನೀವು ನಿರಪರಾಧಿ ಎಂಬುದನ್ನು ನನಗೆ ಹೇಳಬೇಡಿ. ರಸೀದಿಯ ಚಾರ್ಜು ಮೊದಲೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ, ಅದನ್ನು ಬರೆದುಕೊಂಡು ಬನ್ನಿ. ಏನನ್ನೂ ಮಾಡುತ್ತಿರಲಿಲ್ಲ ಎಂದಾದರೆ ಈ ಅಪೀಲಿನಲ್ಲಿ ಹುರುಳಿಲ್ಲ.’

ಮೂವತ್ತು ವರ್ಷ ಜಮಾ-ಖರ್ಚು ಬರೆದವನು ನಾನು. ಆ ರಾತ್ರಿ ಕುಳಿತು ಬರೆದದ್ದು, ಮಾಡದೇ ಹೋದ ಕೆಲಸಗಳ ಜಮಾ-ಖರ್ಚು. ಬರೆಯುತ್ತಾ ಹೋದಂತೆ ನನಗೇ ದಿಗಿಲಾಯಿತು. ನಿಶಾನೆಯಾದ ರಸೀದಿಗಳೆಲ್ಲ 14ನೇ ಪುಸ್ತಕದವು. ಆ ಪುಸ್ತಕವನ್ನು ಎರಡನೆಯ ಕೌಂಟರಿನಲ್ಲಿ ಕುಳಿತುಕೊಳ್ಳುತ್ತಿದ್ದ ಗುಮಾಸ್ತರಿಗೆ ಕೊಟ್ಟು ಸಹಿ ಪಡೆದ ವಿತರಣಾ ವಹಿಯೊಂದಿತ್ತು. ಅದನ್ನು ಯಾರೂ ಕೋರ್ಟಿಗೆ ತರಿಸಲಿಲ್ಲ. ರೈತರ ಕೈಯಲ್ಲಿದ್ದ ರಸೀದಿಗಳು ಬಂದವು, ಪುಸ್ತಕದಲ್ಲೇ ಉಳಿಯುವ ಕಾರ್ಬನ್ ಪ್ರತಿಗಳು ಬರಲಿಲ್ಲ. ರಸೀದಿಯ ಮೇಲಿನ ಬರಹ ಯಾರದೆಂದು ಯಾರೂ ಕೇಳಲಿಲ್ಲ. ಸಹಿ ಎಂಬುದು ಒಂದು ಸುರುಳಿ ಅಷ್ಟೆ. ಇನ್ನೂ ಒಂದಿತ್ತು. 2010ರ ಆಗಸ್ಟ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ನಾನು 19 ದಿನ ರಜೆಯಲ್ಲಿದ್ದೆ. ಐದು ರಸೀದಿಗಳಲ್ಲಿ ಮೂರರ ಮೇಲೆ ಆ 19 ದಿನಗಳ ಒಳಗಿನ ತಾರೀಖುಗಳೇ ಇವೆ. ಕೋರ್ಟಿನಲ್ಲಿ ಆ ರಸೀದಿಗಳು ನನ್ನ ಕಣ್ಣ ಮುಂದೆಯೇ ಕೈಯಿಂದ ಕೈಗೆ ದಾಟಿ ಹೋಗಿದ್ದವು. ನಾನು ತಾರೀಖು ನೋಡಿರಲಿಲ್ಲ. ಗೊಬ್ಬರದ ಕೇಸಿನಲ್ಲಿ ಗೆಲ್ಲುತ್ತಿರುವವನಿಗೆ ರಸೀದಿಯ ತಾರೀಖು ಏಕೆ?

ಮೇಡಂ ಆ ಹಾಳೆ ಓದಿ ಮೊದಲ ಬಾರಿಗೆ ಚಹಾ ತರಿಸಿದರು.

ಅಪೀಲು ದಾಖಲಾಗಿ, ಶಿಕ್ಷೆಯ ಅಮಾನತು ಮುಂದುವರಿದು, ಕೆಳಗಿನ ಕೋರ್ಟಿನಿಂದ ಕಡತ ಬರುವಷ್ಟರಲ್ಲಿ ಒಂದು ವರ್ಷ ಹೋಯಿತು. ಆಮೇಲೆ ಕೋವಿಡ್. ವಾಯಿದೆಯ ಮೇಲೆ ವಾಯಿದೆ. ಆ ದಿನಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಶಿಕ್ಷೆಯಾದವನು ಎಂಬ ಪದ ಊರಿನಲ್ಲಿ ಅಪೀಲಿನ ಫಲಿತಾಂಶಕ್ಕಾಗಿ ಕಾಯುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ವಾದ ನಡೆದದ್ದು 2022ರ ಫೆಬ್ರವರಿಯಲ್ಲಿ, ಹೆಚ್ಚೆಂದರೆ ನಲವತ್ತು ನಿಮಿಷ. ಅಭಿಯೋಜಕರು ನಿರೀಕ್ಷೆಯಂತೆ ಸ್ಲೇನಿಯಿಂದಲೇ ಶುರು ಮಾಡಿದರು. ಕಲಂ ಅದೇ, ಸಂಘ ಅದೇ, ಆರೋಪಿಯೂ ಅವನೇ. ಕೊರತೆ ಯಾವ ಖಾತೆಯಲ್ಲಾದರೇನು ಎಂದರು. ನಿಜ ಹೇಳುತ್ತೇನೆ, ಕೇಳುವಾಗ ಅವರ ವಾದ ನನಗೂ ಸರಿ ಎನಿಸಿತು. ಒಳ್ಳೆಯ ವಾದಗಳ ತೊಂದರೆಯೇ ಅದು.

ಮೇಡಂ ಎದ್ದು ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2001ರಲ್ಲಿ ತೀರ್ಮಾನವಾದ ಪ್ರಕರಣವೊಂದನ್ನು ಓದಿದರು. ಹೆಂಡತಿಯನ್ನು ಕೊಂದ ಚಾರ್ಜಿನ ಮೇಲೆ ವಿಚಾರಣೆ ಎದುರಿಸಿದವನಿಗೆ ಹೈಕೋರ್ಟ್ ವರದಕ್ಷಿಣೆ ಸಾವಿನ ಕಲಮಿನಡಿ ಶಿಕ್ಷೆ ಕೊಟ್ಟಿತ್ತು. ವರದಕ್ಷಿಣೆ ಸಾವಿನಲ್ಲಿ ಕಾನೂನೇ ಆರೋಪಿಯ ವಿರುದ್ಧ ಒಂದು ಊಹೆ ಮಾಡಿಕೊಳ್ಳುತ್ತದೆ. ಅದನ್ನು ಅಲ್ಲಗಳೆಯುವ ಹೊಣೆ ತನ್ನ ಮೇಲಿದೆ ಎಂಬುದೇ ತಿಳಿಯದವನನ್ನು ಅದೇ ಊಹೆಯ ಮೇಲೆ ಶಿಕ್ಷಿಸಿದರೆ ನ್ಯಾಯಕ್ಕೆ ಚ್ಯುತಿಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಅದನ್ನು ವಿಚಾರಣಾ ನ್ಯಾಯಾಲಯಕ್ಕೆ ವಾಪಸು ಕಳಿಸಿತು. ‘ನ್ಯಾಯಚ್ಯುತಿ’ ಎಂಬ ಪದ ಎಲ್ಲಿಗೆ ಬೇಕಾದರೂ ಹೊಂದಿಕೊಳ್ಳುವ ಗೋಸುಂಬೆ, ಆದ್ದರಿಂದ ಹುಷಾರಾಗಿ ಪರೀಕ್ಷಿಸಬೇಕು ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಮೇಡಂ ಅದನ್ನೂ ಬಿಡದೆ ಓದಿದರು. ನಮಗೆ ಅನುಕೂಲವಲ್ಲದ್ದನ್ನು ಏಕೆ ಓದಿದಿರಿ ಎಂದು ಆಮೇಲೆ ಕೇಳಿದ್ದಕ್ಕೆ, ‘ಅವರು ಓದುವುದಕ್ಕಿಂತ ನಾವು ಓದುವುದು ವಾಸಿ’ ಎಂದರು.

ಬಳಿಕ ನ್ಯಾಯಾಧೀಶರು ತಲೆಯೆತ್ತಿ ಕೇಳಿದ್ದು ನಾನು ಹೆದರಿದ್ದ ಪ್ರಶ್ನೆಯನ್ನೇ. ‘ರೈತರು ಸಾಕ್ಷಿ ಹೇಳುವಾಗಲೇ ಆಕ್ಷೇಪಣೆ ಎತ್ತಲಿಲ್ಲವೇಕೆ?’ ಮೊದಲೇ ಎತ್ತಬಹುದಾಗಿದ್ದ, ಎತ್ತಬೇಕಾಗಿದ್ದ ಆಕ್ಷೇಪಣೆಯೇ ಎಂಬುದನ್ನು ಅಪೀಲು ಕೋರ್ಟು ಗಮನಿಸಲೇಬೇಕೆಂದು 465(2)ನೇ ಕಲಂ ಹೇಳುತ್ತದೆ. ನನ್ನ ಎದೆ ಆ ಐದು ‘ಇಲ್ಲ’ಗಳನ್ನು ಎಣಿಸತೊಡಗಿತು.

ಮೇಡಂ ಹಿಂದಿನ ವಕೀಲರನ್ನು ದೂರಲಿಲ್ಲ. ಚಾರ್ಜಿನಲ್ಲಿ ಇಲ್ಲದ ವಿಷಯಕ್ಕೆ ಪಾಟೀಸವಾಲು ಮಾಡದೇ ಇದ್ದದ್ದೇ ಆರೋಪಿ ದಾರಿ ತಪ್ಪಿದ್ದಕ್ಕೆ ಸಾಕ್ಷಿ ಎಂದರು. ತೀರ್ಪಿಗೆ ಮುಂಚೆ ಯಾವ ಕ್ಷಣದಲ್ಲಾದರೂ 216ನೇ ಕಲಮಿನಡಿ ಚಾರ್ಜನ್ನು ಬದಲಿಸಿ, 217ರಡಿ ಸಾಕ್ಷಿಗಳನ್ನು ಮತ್ತೆ ಕರೆಸಲು ಅವಕಾಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿತ್ತು; ಅದನ್ನು ಬಳಸಲಿಲ್ಲ. ಕೊನೆಗೆ 313ರ ಹೇಳಿಕೆಯ ಹಾಳೆಗಳನ್ನು ಕೈಗೆತ್ತಿಕೊಂಡು, ‘ಇದರಲ್ಲಿ ರಸೀದಿ ಎಂಬ ಪದವನ್ನು ಹುಡುಕಿದೆ. ಸಿಗಲಿಲ್ಲ’ ಎಂದು ಮೇಜಿನ ಮೇಲಿಟ್ಟರು. ನ್ಯಾಯಾಧೀಶರು ಆ ಹಾಳೆಗಳನ್ನು ತರಿಸಿಕೊಂಡು ತಾವೇ ಓದಿದರು. ಅವರು ಪುಟ ತಿರುಗಿಸುವುದನ್ನು ಕೋರ್ಟಿಗೆ ಕೋರ್ಟೇ ಕಾದು ನಿಂತು ನೋಡಿತು. ನನ್ನ ಹಾಜರಿ, 14ನೇ ಪುಸ್ತಕ, ಕಾರ್ಬನ್ ಪ್ರತಿ, ಇವೆಲ್ಲ ಆಮೇಲೆ ಬಂದವು. ಅಷ್ಟರಲ್ಲಿ ಅವರು ಬರೆದುಕೊಳ್ಳತೊಡಗಿದ್ದರು.

ಮಾರ್ಚ್‌ನಲ್ಲಿ ತೀರ್ಪು ಬಂತು. ಶಿಕ್ಷೆ ರದ್ದು. ನಾನು ಮೇಡಂ ಕಾಲಿಗೆ ಬೀಳುವುದೊಂದು ಬಾಕಿ. ಅವರು ಕೈ ಅಡ್ಡ ಹಿಡಿದು, ‘ಪೂರ್ತಿ ಕೇಳಿ’ ಎಂದರು. ರಸೀದಿಗಳ ವಿಷಯಕ್ಕೆ ಹೊಸದಾಗಿ ಚಾರ್ಜು ಬರೆದು, ಸಾಕ್ಷಿಗಳನ್ನು ಮತ್ತೆ ಕರೆಸಿ, ಕಾನೂನಿನ ಪ್ರಕಾರ ಮರುವಿಚಾರಣೆ ಮಾಡಬೇಕು ಎಂದು ಕಡತವನ್ನು ಕೆಳಗಿನ ಕೋರ್ಟಿಗೆ ಹಿಂದಿರುಗಿಸಿದ್ದರು. ಚಾರ್ಜಿನ ದೋಷದಿಂದ ನ್ಯಾಯಚ್ಯುತಿಯಾದಾಗ 464ನೇ ಕಲಂ ತೋರಿಸುವ ದಾರಿಯೇ ಅದು. ಸಾಬೀತಾದ ಸಂಗತಿಗಳ ಮೇಲೆ ಯಾವ ಚಾರ್ಜನ್ನೂ ಹೊರಿಸಲು ಸಾಧ್ಯವೇ ಇಲ್ಲ ಎನಿಸಿದರೆ ಮಾತ್ರ ಅಲ್ಲಿಗೇ ಕೈಬಿಡಬಹುದು, ನನ್ನದು ಹಾಗಿರಲಿಲ್ಲ. ಹನ್ನೊಂದು ವರ್ಷ ಕಳೆದಿದೆ, ಇನ್ನು ಸಾಕು ಎಂದು ಮೇಡಂ ಕೇಳಿಕೊಂಡಿದ್ದರು. ಆ ಕೋರಿಕೆಗೆ ತೀರ್ಪಿನಲ್ಲಿ ಎರಡು ಸಾಲಿನ ಉತ್ತರ ಸಿಕ್ಕಿತ್ತು.

ಬಸ್ಸಿನಲ್ಲಿ ಬರುವಾಗ ಹೆಂಡತಿ ಕೇಳಿದಳು, ‘ಈಗ ನೀವು ಶಿಕ್ಷೆಯಾದವರೋ ಅಲ್ಲವೋ?’

‘ಅಲ್ಲ.’

‘ಬಿಡುಗಡೆಯಾದವರೋ?’

‘ಅದೂ ಅಲ್ಲ. ಆರೋಪಿ.’

ಅವಳು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಕುಳಿತು, ‘ಅದೇ ವಾಸಿ’ ಎಂದಳು.

ಹೊಸ ಚಾರ್ಜನ್ನು ಓದಿದ್ದು ಆಗಸ್ಟ್‌ನಲ್ಲಿ, ಬೇರೆ ಮ್ಯಾಜಿಸ್ಟ್ರೇಟರು. ಈ ಸಲ ಒಂದೊಂದು ಪದವನ್ನೂ ಕಿವಿಗೊಟ್ಟು ಕೇಳಿದೆ. ಪುಸ್ತಕ ಸಂಖ್ಯೆ 14. ರಸೀದಿ ಸಂಖ್ಯೆಗಳು. ತಾರೀಖುಗಳು, ಐದೂ. ರೈತರ ಹೆಸರುಗಳು. ‘ಅರ್ಥವಾಯಿತೇ?’ ಎಂದರು. ಅರ್ಥವಾಯಿತು ಸ್ವಾಮಿ ಎಂದೆ. ಆ ಉತ್ತರವನ್ನು 2013ರಲ್ಲೂ ಕೊಟ್ಟಿದ್ದೆ, ಆಗ ಅದೊಂದು ಶಾಸ್ತ್ರ ಎಂದುಕೊಂಡಿದ್ದೆ. ‘ಒಪ್ಪುತ್ತೀರಾ?’ ಇಲ್ಲ ಸ್ವಾಮಿ. ಮೇಡಂ ಅವರ ಕಿರಿಯ ವಕೀಲರು ಅಲ್ಲೇ ನಿಂತು, ವಿತರಣಾ ವಹಿ, 14ನೇ ಪುಸ್ತಕ ಮತ್ತು 2010ರ ಹಾಜರಿ ಪುಸ್ತಕವನ್ನು ಸಂಘದಿಂದ ತರಿಸಬೇಕೆಂಬ ಅರ್ಜಿ ಕೊಟ್ಟರು.

ವಿತರಣಾ ವಹಿ ಸಿಕ್ಕಿಲ್ಲ ಎಂದು ಸಂಘದವರು ಬರೆದುಕೊಟ್ಟಿದ್ದಾರೆ. ರಸೀದಿ ಪುಸ್ತಕ ಹುಡುಕುತ್ತಿದ್ದಾರಂತೆ. ಹಾಜರಿ ಪುಸ್ತಕ ಮೂರನೆಯ ವಾಯಿದೆಗೆ ಬಂತು, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು. ಅಂಚುಗಳನ್ನು ಗೆದ್ದಲು ತಿಂದಿದೆ. ಆಗಸ್ಟ್ ತಿಂಗಳ ಪುಟದಲ್ಲಿ ನನ್ನ ಹೆಸರಿನ ಅರ್ಧ ಹೋಗಿದೆ; ಅದರ ಮುಂದಿನ ಸಾಲಿನಲ್ಲಿ ‘ರ’, ‘ರ’, ‘ರ’ ಎಂದು ಕೆಂಪು ಶಾಯಿಯಲ್ಲಿ ಬರೆದದ್ದನ್ನು ಇನ್ನೂ ಓದಬಹುದು.